ಮಹಡಿ ಮನೆಯ ಟೀಚರ್ ಮತ್ತು ದ್ರಾಕ್ಷಿ ತೋಟದ ಕೊಲೆ

ಕಳೆದ ವಾರ ದಾಸರಹಳ್ಳಿ ಮೆಟ್ರೋ ನಿಲ್ದಾಣದ ಕೆಳಗೆ ತಳ್ಳುಗಾಡಿಯೊಂದು ಮಗುಚಿ ದ್ರಾಕ್ಷಿಯೆಲ್ಲ ರಸ್ತೆಗೆ ಚೆಲ್ಲಿತ್ತು. ಬಸ್ಸುಗಳು ಅದರ ಮೇಲೆಯೇ ಹಾದುಹೋಗಿ, ಮಧ್ಯಾಹ್ನದ ಬಿಸಿಲಿಗೆ ಹುಳಿ ವಾಸನೆ ಎದ್ದಿತ್ತು. ವಿಜಯಪುರದ ಕಡೆಯವಳಾದ ನನಗೆ ತವರಿನ ತೋಟ ನೆನಪಾಗಬೇಕಿತ್ತು. ನೆನಪಾದದ್ದು ಮಹಡಿ ಮನೆಯ ಟೀಚರ್...

ಮದುವೆಯಾಗಿ ಬಂದು ಪೀಣ್ಯದ ಗಾರ್ಮೆಂಟ್ಸ್ ಸೇರಿದ ಹೊಸತು. ದಾಸರಹಳ್ಳಿಯ ಒಂದು ಹಳೆಯ ಕಟ್ಟಡದಲ್ಲಿ, ಕೆಳಗಿನ ಒಂದೇ ಕೋಣೆಯಲ್ಲಿ ನಾನು, ನನ್ನ ಗಂಡ. ಮೇಲಿನ ಮನೆಯಲ್ಲಿ ಅವರು, ಒಬ್ಬರೇ. ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಕಣ್ಣು ಮಂಜಾಗಿತ್ತು, ಕೈ ನಡುಗುತ್ತಿತ್ತು. ನಾನು ಪಿಯುಸಿ ಓದಿದವಳೆಂದು ಗೊತ್ತಾದ ದಿನ ಮೆಟ್ಟಿಲ ಮೇಲೆಯೇ ನಿಲ್ಲಿಸಿ ಕೇಳಿದರು.

"ಅಕ್ಷರ ದುಂಡಗಿದ್ಯಾ?"

"ಹೂನ್ರಿ."

"ಹಾಗಾದ್ರೆ ಭಾನುವಾರ ಬಾಮ್ಮ. ಒಂದು ಕೊಲೆ ಇದೆ, ಬರ್ಕೋಬೇಕು."

ಅದು ಒಂದು ಇಂಗ್ಲಿಷ್ ಪತ್ತೇದಾರಿ ಕಾದಂಬರಿ. ಯಾವುದೋ ದೂರದ ದೇಶದ ವೈನ್ ಮಾಡುವ ಸೀಮೆ, ಗುಡ್ಡದ ತುಂಬ ದ್ರಾಕ್ಷಿ ತೋಟ. ತೋಟದ ಯಜಮಾನ ನೆಲಮಾಳಿಗೆಯಲ್ಲಿ ಪೀಪಾಯಿಗಳ ನಡುವೆ ಸತ್ತು ಬಿದ್ದಿದ್ದಾನೆ. ಪತ್ತೆ ಮಾಡುವವಳು ಊರಿನಲ್ಲಿ ಬೇಕರಿ ನಡೆಸುವ ಒಬ್ಬ ವಿಧವೆ. ರಕ್ತದ ಮಾತು ಕಡಿಮೆ, ತಿಂಡಿಯ ಮಾತೇ ಹೆಚ್ಚು. ಅದನ್ನು ನಮ್ಮ ಬೀದಿಯ ಹೆಂಗಸರೂ ಓದಬೇಕೆಂಬುದು ಟೀಚರ್ ಹಟ. ಬಾಲ್ಕನಿಯ ಬಿಸಿಲಿನಲ್ಲಿ ಭೂತಗನ್ನಡಿ ಹಿಡಿದು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ.

ಆರನೆಯದೋ ಏಳನೆಯದೋ ಅಧ್ಯಾಯ. ತೋಟದ ಮೇಲ್ವಿಚಾರಕ, ತಾನು ಬೆಳಗಿನಿಂದ ಬಳ್ಳಿ ಕತ್ತರಿಸುತ್ತಿದ್ದೆ, ನೆಲಮಾಳಿಗೆಯ ಕಡೆ ಹೋಗಲೇ ಇಲ್ಲ ಎನ್ನುತ್ತಾನೆ. ಬೇಕರಿಯವಳು ಹೋಗಿ ಮುಟ್ಟಿ ನೋಡಿದರೆ ಕತ್ತರಿಸಿದ ತುದಿಗಳು ಒಣಗಿವೆ. ನಾನು ಪೆನ್ನು ಕೆಳಗಿಟ್ಟೆ.

"ಅಂವ ಸುಳ್ಳು ಹೇಳಾಕತ್ತಾನ್ರಿ ಟೀಚರ್. ದ್ರಾಕ್ಷಿ ಬಳ್ಳಿ ಕತ್ತರಿಸಿದ ದಿನ ತುದಿಯಾಗ ನೀರು ಹನೀತೈತ್ರಿ. ಇಂವ ನಿನ್ನೆನೋ ಮೊನ್ನೆನೋ ಕತ್ತರಿಸ್ಯಾನ."

ಟೀಚರ್ ಚಪ್ಪಾಳೆ ತಟ್ಟಿ ನಕ್ಕರು. ಕೊನೆಗೆ ಕೊಲೆಗಾರ ಅವನೇ ಆಗಿದ್ದ.

ಮುಗಿದ ದಿನ ನಾನು ಕೇಳಿದೆ, ಇಂಥ ಕಥೆ ಯಾಕೆ ಇಷ್ಟವೆಂದು. ಅವರು ಪುಸ್ತಕ ಮುಚ್ಚಿದರು. "ಇದರಲ್ಲಿ ಕೊನೇಲಿ ಏನಾಯ್ತು ಅಂತ ಗೊತ್ತಾಗುತ್ತಲ್ಲಮ್ಮ" ಎಂದರು. ಆಮೇಲೆ ಹೇಳಿದರು. ಅವರ ಯಜಮಾನರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರಂತೆ. ಇಪ್ಪತ್ತು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಇದೇ ಮೆಟ್ಟಿಲು ಇಳಿದು ಹೋದವರು ಕಾರ್ಖಾನೆಗೆ ತಲುಪಲಿಲ್ಲ, ಮನೆಗೂ ಬರಲಿಲ್ಲ. ಜಗಳವಿರಲಿಲ್ಲ, ಚೀಟಿ ಇರಲಿಲ್ಲ. ಪೊಲೀಸರು ಹುಡುಕಿ ಕೈಬಿಟ್ಟರು. ಅವರು ಬಂದರೆ ಮನೆಯ ಗುರುತು ಸಿಗಲೆಂದು ಟೀಚರ್ ಸೋರುವ ಆ ಮನೆಯನ್ನು ಬಿಟ್ಟಿರಲಿಲ್ಲ.

ಆದರೆ ಮರುವರ್ಷ ಓನರ್ ಕಟ್ಟಡ ಕೆಡವಲು ಹೊರಟರು. ನಾವು ಎದುರು ಸಾಲಿನ ಮನೆಗೆ ಹೋದೆವು. ಟೀಚರನ್ನು ಅವರ ತಮ್ಮನ ಮಗ ಮಾರತ್ತಹಳ್ಳಿಯ ಫ್ಲ್ಯಾಟಿಗೆ ಕರೆದುಕೊಂಡು ಹೋದ. ಹೊರಡುವ ಮುನ್ನ ಹೊಸ ವಿಳಾಸವನ್ನು ನನ್ನಿಂದಲೇ ಎರಡು ಚೀಟಿಯಲ್ಲಿ ಬರೆಸಿದರು. ಒಂದು ಮೂಲೆಯ ಅಂಗಡಿಗೆ, ಇನ್ನೊಂದು ನನಗೆ. "ಯಾರಾದ್ರೂ ಕೇಳ್ಕೊಂಡು ಬಂದ್ರೆ ಕೊಡಮ್ಮ" ಎಂದರಷ್ಟೆ. ಯಾರು ಎಂದು ಹೇಳಬೇಕಾಗಿರಲಿಲ್ಲ.

ಎರಡು ತಿಂಗಳಾಗಿರಬಹುದು. ಬೆಳಿಗ್ಗೆ ಕಂಪನಿ ಬಸ್ಸಿಗೆ ಕಾಯುತ್ತಿದ್ದೆ. ಕೆಡವಿದ ಜಾಗದ ಮುಂದೆ ವಯಸ್ಸಾದವರೊಬ್ಬರು ನಿಂತಿದ್ದರು. ತೆಳ್ಳನೆಯ ಮನುಷ್ಯ, ಹೆಗಲಿಗೊಂದು ಚೀಲ. ಇಟ್ಟಿಗೆ ರಾಶಿಯನ್ನು ನೋಡುತ್ತಿರಲಿಲ್ಲ, ಅದರ ಮೇಲಿನ ಖಾಲಿ ಗಾಳಿಯನ್ನು ನೋಡುತ್ತಿದ್ದರು.

"ಇಲ್ಲಿ ಮೇಲ್ಗಡೆ ಮನೇಲಿ ಇದ್ದೋರು ಎಲ್ಲಿಗೆ ಹೋದ್ರಮ್ಮಾ?"

"ಖಾಲಿ ಮಾಡ್ಯಾರ್ರಿ. ಆ ಮೂಲಿ ಅಂಗಡ್ಯಾಗ ಅಡ್ರೆಸ್ ಐತಿ, ಕೇಳ್ರಿ."

ಬಸ್ಸು ಬಂತು, ಹತ್ತಿಬಿಟ್ಟೆ. ಜಾಲಹಳ್ಳಿ ಕ್ರಾಸ್ ಹತ್ತಿರ ಬಂದಾಗ ಹೊಳೆಯಿತು, ಅವರು ಟೀಚರ್ ಯಜಮಾನರೇ ಇರಬಹುದೆಂದು. ನನ್ನ ಚೀಲದಲ್ಲೇ ಚೀಟಿ ಇತ್ತು. ನಿಲ್ಲಿಸಿ ಎನ್ನಬೇಕೆಂದುಕೊಂಡೆ, ಎನ್ನಲಿಲ್ಲ. ಯಾವುದೋ ಹಳೆಯ ವಿದ್ಯಾರ್ಥಿಯ ತಂದೆಯಿರಬಹುದು, ದೂರದ ನೆಂಟರಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಸಂಜೆ ಬಸ್ಸಿಳಿದು ನೇರ ಅಂಗಡಿಗೆ ಓಡಿದೆ.

"ಯಾರೂ ಬಂದಿಲ್ವಲ್ಲಕ್ಕ" ಎಂದ ಅಂಗಡಿಯವನು.

ಮರುದಿನವೂ ಕೇಳಿದೆ, ಅದರ ಮರುದಿನವೂ...

ಮುಂದಿನ ತಿಂಗಳು ಮಾರತ್ತಹಳ್ಳಿಗೆ ಹೋದೆ. ಎಲ್ಲವನ್ನೂ ಹೇಳಿಬಿಡಬೇಕೆಂದೇ ಹೋಗಿದ್ದೆ. ಒಂಬತ್ತನೆಯ ಮಹಡಿ, ಮುಚ್ಚಿದ ಕಿಟಕಿ. ಟೀಚರಿಗೆ ಕಣ್ಣು ಪೂರ್ತಿ ಹೋಗಿತ್ತು. ನನ್ನ ಕೈ ಹಿಡಿದುಕೊಂಡೇ ಕೂತಿದ್ದರು. ಕಾಫಿ ಕುಡಿದ ಮೇಲೆ ಕೇಳಿದರು.

"ಅಲ್ಲಿ ಯಾರಾದ್ರೂ ಬಂದಿದ್ರಾ?"

ಬಂದಿದ್ದರು ಎಂದರೆ ಮುಂದಿನ ಪ್ರಶ್ನೆಗಳಿಗೆಲ್ಲ ನನ್ನಲ್ಲಿ ಉತ್ತರವಿರಲಿಲ್ಲ. ಹೇಗಿದ್ದರು, ಎಲ್ಲಿಗೆ ಹೋದರು, ನೀನು ಯಾಕೆ ಬಿಟ್ಟೆ... ಆ ಕತ್ತಲೆಯಲ್ಲಿ ಅವರು ಕೂತು ಅದನ್ನೇ ತಿರುವಿ ತಿರುವಿ ನೋಡುವುದನ್ನು ನೆನೆದು ಹೆದರಿದೆ. ನನ್ನ ತಪ್ಪು ಗೊತ್ತಾಗುತ್ತದೆಂದೂ ಹೆದರಿದೆ.

"ಇಲ್ರಿ ಟೀಚರ್. ಯಾರೂ ಬಂದಿಲ್ರಿ."

ಅವರ ಮುಖ ಸ್ವಲ್ಪ ಹೊತ್ತು ನನ್ನ ಕಡೆಯೇ ಇತ್ತು. ಅಷ್ಟು ಪತ್ತೇದಾರಿ ಓದಿದವರಿಗೆ ನನ್ನ ದನಿ ಗೊತ್ತಾಗದೇ ಇರುತ್ತದೆಯೇ? "ಸರಿ ಬಿಡಮ್ಮ" ಎಂದು ನನ್ನ ಕೈಯನ್ನು ಮೆಲ್ಲಗೆ ನನ್ನ ಮಡಿಲಲ್ಲೇ ಇಟ್ಟರು. ಆ ಚಳಿಗಾಲ ದಾಟಲಿಲ್ಲ. ತಮ್ಮನ ಮಗ ಫೋನು ಮಾಡಿದಾಗ ಎಲ್ಲ ಮುಗಿದಿತ್ತು.

ನಾವು ಬರೆದ ನೋಟ್‌ಬುಕ್ಕು ಬೀದಿಯ ಮನೆ ಮನೆ ಸುತ್ತಿ ಯಾರದೋ ಮನೆಯಲ್ಲಿ ಉಳಿದುಹೋಯಿತು. ಹಳೆಯ ಕಟ್ಟಡದ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಪಿಜಿ ಇದೆ. ನನ್ನ ಅಡುಗೆಮನೆಯ ಕಿಟಕಿಗೆ ಅದರ ಗೇಟು ಕಾಣುತ್ತದೆ. ವಯಸ್ಸಾದವರು ಯಾರಾದರೂ ಅಲ್ಲಿ ನಿಂತು ಮೇಲೆ ನೋಡಿದರೆ ಒಲೆ ಆರಿಸಿ ಇಳಿದು ಹೋಗುತ್ತೇನೆ. "ಯಾರು ಬೇಕಾಗಿತ್ರಿ?" ಎನ್ನುತ್ತೇನೆ. ಒಬ್ಬರು ಮಗನನ್ನು ನೋಡಲು ಬಂದಿರುತ್ತಾರೆ, ಇನ್ನೊಬ್ಬರು ರೂಮು ಹುಡುಕಿಕೊಂಡು. ಅವತ್ತು ಹೆಗಲಿಗೆ ಚೀಲ ಹಾಕಿಕೊಂಡು ಬಂದಿದ್ದವರೇ ಬಂದು ನಿಂತರೆ ಏನು ಹೇಳಬೇಕೆಂದು ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ.