ಟಾವೆಲ್ಲಿನ ಕೆಳಗಿನ ಸಮಾಜಶಾಸ್ತ್ರ

ಮೊನ್ನೆ ಬೆಳಿಗ್ಗೆ ಚಹಾ ಕುಡಿಯುತ್ತ ಮೊಬೈಲು ನೋಡುತ್ತಿದ್ದೆ. ನಮ್ಮ ಕಡೆಯ ರೈತರ ಗುಂಪೊಂದಕ್ಕೆ ಯಾರೋ ನನ್ನನ್ನೂ ಸೇರಿಸಿದ್ದಾರೆ. ನನಗೆ ಹೊಲವಿಲ್ಲ, ಎತ್ತಿಲ್ಲ. ಮನೆಯ ಮುಂದೆ ಒಂದು ತುಳಸಿ ಗಿಡವಿದೆ, ಅದೂ ಅಷ್ಟಕ್ಕಷ್ಟೇ. ಗುಂಪಿನಲ್ಲಿ ನರಗುಂದದ ಕಡೆಯವರೊಬ್ಬರು ಜೋಡಿ ಎತ್ತಿನ ಫೋಟೋ ಹಾಕಿದ್ದರು. ಕೊಂಬಿಗೆ ಬಣ್ಣ, ಕೊರಳಲ್ಲಿ ಗೆಜ್ಜೆ, ಹಿಂದೆ ಗುಡ್ಡ. ಕೆಳಗೆ ಹತ್ತಾರು ಜನ ‘ರೇಟ್ ಎಷ್ಟ್ರಿ?’ ಎಂದು ಕೇಳಿದ್ದರು. ಎಲ್ಲರಿಗೂ ಒಂದೇ ಉತ್ತರ: ‘ಇನ್‌ಬಾಕ್ಸಿಗೆ ಬರ್ರಿ.’

ನಾನು ಒಬ್ಬನೇ ಕೂತು ನಕ್ಕೆ. ನೀವು ಆ ಕಡೆಯವರಾದರೆ ನೀವೂ ನಗುತ್ತೀರಿ. ಅಲ್ಲದಿದ್ದರೆ ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ.

ನಮ್ಮ ದನದ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಂದ ಹೇಳುವಂತಿಲ್ಲ. ಕೊಳ್ಳುವವನೂ ಮಾರುವವನೂ ಕೈ ಕೈ ಹಿಡಿದುಕೊಳ್ಳುತ್ತಾರೆ, ದಲ್ಲಾಳಿ ಮೇಲೊಂದು ಟಾವೆಲ್ಲು ಮುಚ್ಚುತ್ತಾನೆ. ಎಷ್ಟು ಬೆರಳು ಹಿಡಿದರು, ಹೇಗೆ ಹಿಡಿದರು ಎನ್ನುವುದರ ಮೇಲೆ ಬೆಲೆ. ಬೇಡವಾದರೆ ಬೆರಳು ಕೊಸರುತ್ತವೆ. ಒಪ್ಪಿಗೆಯಾದರೆ ಹಸ್ತವನ್ನು ಗಟ್ಟಿಯಾಗಿ ಅದುಮಿದರಾಯಿತು, ವ್ಯಾಪಾರ ಮುಗಿದಂತೆ. ಇಷ್ಟೆಲ್ಲ ಟಾವೆಲ್ಲಿನ ಕೆಳಗೆ ನಡೆಯುತ್ತಿದ್ದರೆ ಮೇಲೆ ಇಬ್ಬರೂ ಮಳೆಯ ಬಗ್ಗೆ ಮಾತಾಡುತ್ತ ಆಕಾಶ ನೋಡುತ್ತಿರುತ್ತಾರೆ.

ಈ ಪದ್ಧತಿಯಿಂದ ಜಗತ್ತಿನಲ್ಲಿ ಯಾರಿಗೂ ತೊಂದರೆಯಿರಲಿಲ್ಲ, ನಮ್ಮ ದೊಡ್ಡವ್ವನೊಬ್ಬಳನ್ನು ಬಿಟ್ಟು. ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ಚಿಕ್ಕನರಗುಂದದಲ್ಲಿ ಗಂಡ ತೀರಿದ ಮೇಲೂ ಒಕ್ಕಲುತನ ಬಿಡದೆ ನಡೆಸಿದವಳು. ಎತ್ತು ಸಾಕುವವಳು ಅವಳು, ಮೈ ತಿಕ್ಕುವವಳು ಅವಳು. ಮಾರುವ ಹೊತ್ತಿಗೆ ಮಾತ್ರ ದಲ್ಲಾಳಿ ಹನಮಪ್ಪನ ಕೈ. ಪರಹೆಣ್ಣಿನ ಕೈಯನ್ನು ಸಂತೆಯ ನಡುವೆ ಬಟ್ಟೆಯ ಕೆಳಗೆ ಯಾವ ಗಂಡಸು ಹಿಡಿಯಬೇಕು? ಹೀಗಾಗಿ ತನ್ನ ಎತ್ತು ಏನು ಬೆಲೆಗೆ ಹೋದವು ಎನ್ನುವುದು ಹನಮಪ್ಪ ಹೇಳಿದಷ್ಟೇ ಅವಳಿಗೆ ಗೊತ್ತು. ತನ್ನ ಎತ್ತಿನ ವ್ಯಾಪಾರ ತಾನೇ ಮಾಡಬೇಕು ಎನ್ನುವುದೊಂದೇ ಅವಳ ಹಟ.

ಆ ಹಟವನ್ನು ಅವಳು ಹೇಳಿಕೊಳ್ಳುತ್ತಿದ್ದುದು ತನ್ನ ತಮ್ಮನ ಮುಂದೆ. ಅಂದರೆ ನನ್ನ ಬಸಣ್ಣ ಮಾಮಾ. ರೋಣದ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರು. ನಾನು ಅವರ ಮನೆಯಲ್ಲಿದ್ದೇ ಅವರ ವಿದ್ಯಾರ್ಥಿಯಾಗಿದ್ದೆ, ಹಾಗಾಗಿ ತಪ್ಪಿಸಿಕೊಳ್ಳಲು ಎಲ್ಲಿಯೂ ದಾರಿಯಿರಲಿಲ್ಲ. ಸಮಾಜ ಹೇಗೆ ಬದಲಾಗುತ್ತದೆ ಎನ್ನುವುದು ಅವರ ಖಾಸಾ ವಿಷಯ. ಬೋರ್ಡಿನ ಮೇಲೆ ಬಾಣ ಬರೆದರೆ ವಿಕಾಸವಾದ, ಸೊನ್ನೆ ಬರೆದರೆ ಚಕ್ರೀಯ ಸಿದ್ಧಾಂತ. ಪರೀಕ್ಷೆಯಲ್ಲಿ ನಾನು ಎರಡನ್ನೂ ಬರೆದು, ಯಾವುದಕ್ಕಾದರೂ ಅಂಕ ಬೀಳಲಿ ಎಂದು ಬಾಣಕ್ಕೆ ಸೊನ್ನೆ ಸುತ್ತಿ ಬಂದಿದ್ದೆ. ಪಾಸಾದೆ.

“ನನ್ನ ಎತ್ತಿಗೆ ನಾ ಕೈ ಹಾಕೂದು ಯಾವಾಗೋ ಬಸು?” ಎಂದು ದೊಡ್ಡವ್ವ ಮೊದಲ ಸಲ ಕೇಳಿದಾಗ ಮಾಮಾ ಬಾಣದ ಕಡೆಯಿದ್ದರು.

“ಅಕ್ಕಾ, ಸಮಾಜ ಅಂದ್ರ ನಿಚ್ಚಣಿಕಿ ಇದ್ದಂಗ. ಒಂದೊಂದ ಹಂತ ದಾಟಿ ಮ್ಯಾಲ ಹೋಗ್ತೈತಿ. ನಿನ್ನ ಹಂತಾನೂ ಬರ್ತೈತಿ, ಅವಸರ ಮಾಡಬ್ಯಾಡ.”

ದೊಡ್ಡವ್ವ ಅವಸರ ಮಾಡಲಿಲ್ಲ. ಆ ವರ್ಷದ ಎತ್ತು ಹನಮಪ್ಪನ ಕೈಯಲ್ಲಿ ಹೋದವು. ಮುಂದಿನ ಜೋಡಿ ಮಾರುವ ಹೊತ್ತಿಗೆ ಮಾಮಾ ಸೊನ್ನೆಗೆ ಬಂದಿದ್ದರು. “ಗಾಲಿ ತಿರುಗಾಕ ಹತ್ತೇತಿ ಅಕ್ಕಾ. ಕೆಳಗಿದ್ದದ್ದು ತಾನ ಮ್ಯಾಲ ಬರ್ತೈತಿ.” ಆ ಜೋಡಿಯೂ ಹೋಯಿತು. ಮೂರನೆಯ ಸಲ ಸಮತೋಲನ ಸಿದ್ಧಾಂತ. ಸಮಾಜ ದೇಹವಿದ್ದಂತೆ, ಒಂದು ಅಂಗ ಅಲುಗಿಸಿದರೆ ಎಲ್ಲವೂ ನೋಯುತ್ತದೆ ಎಂದು ಅವರು ಹೇಳುವಾಗ, ಅತ್ತಿ, ಅಂದರೆ ಅವರ ಹೆಂಡತಿ, ಅವರ ಕಾಲು ಒತ್ತುತ್ತಿದ್ದಳು. ಸಂಘರ್ಷದಿಂದಲೇ ಸಮಾಜ ಬದಲಾಗುತ್ತದೆ ಎನ್ನುವ ಇನ್ನೊಂದು ಸಿದ್ಧಾಂತ ಅವರಿಗೆ ಎಲ್ಲಕ್ಕಿಂತ ಪ್ರಿಯ. ಅದನ್ನು ತರಗತಿಯಲ್ಲಿ ಮೇಜು ಗುದ್ದಿ ಹೇಳುತ್ತಿದ್ದರು. ಮನೆಯಲ್ಲಿ ಮತ್ತು ಸಂತೆಯಲ್ಲಿ ಮಾತ್ರ ಅದರ ಸುದ್ದಿ ಎತ್ತುತ್ತಿರಲಿಲ್ಲ.

ಕೊನೆಗೊಂದು ಮುಂಗಾರಿಗೆ ಮುಂಚೆ ದೊಡ್ಡವ್ವ ಪಟ್ಟು ಹಿಡಿದಳು. ಮುದಿಯಾಗುತ್ತಿದ್ದ ಜೋಡಿಯನ್ನು ಬಿತ್ತನೆಗೆ ಮೊದಲು ಮಾರಿ ಹರೆಯದ ಜೋಡಿ ತರಬೇಕು, ಹನಮಪ್ಪ ಬೇಡ. ಮಾಮಾ ಬಹಳ ಯೋಚಿಸಿ, “ಇದು ಸಂಧಿಕಾಲ ಅಕ್ಕಾ. ಸಂಧಿಕಾಲದಾಗ ಪ್ರತಿನಿಧಿ ಬೇಕು. ನಿನ್ನ ಪರವಾಗಿ ನಾ ಕೈ ಹಾಕ್ತೀನಿ” ಎಂದರು. ದೊಡ್ಡವ್ವ ಒಪ್ಪಿದಳು. ಕಲಿತವನು, ಅದರ ಮೇಲೆ ಒಡಹುಟ್ಟಿದವನು.

ನರಗುಂದದ ಗುಡ್ಡದ ಬುಡದಲ್ಲಿ ಸಂತೆ ನೆರೆದಿತ್ತು. ಮಾಮಾ ಇಸ್ತ್ರಿ ಅಂಗಿ ಹಾಕಿ ಬಂದಿದ್ದರು. ದೊಡ್ಡ ಮೀಸೆಯ ಗಿರಾಕಿಯೊಬ್ಬ ಎತ್ತಿನ ಹಲ್ಲು ನೋಡಿ ಕೈ ಚಾಚಿದ. ಹನಮಪ್ಪ ಅಸಮಾಧಾನದಿಂದಲೇ ಟಾವೆಲ್ಲು ಮುಚ್ಚಿದ. ಆಗ ನಾವ್ಯಾರೂ ಯೋಚಿಸದ ಒಂದು ಸಂಗತಿ ಬಯಲಾಯಿತು: ಮಾಮಾಗೆ ಬೆರಳಿನ ಲೆಕ್ಕ ಬರುತ್ತಿರಲಿಲ್ಲ. ಈ ಪದ್ಧತಿ ಹೇಗೆ ಅಳಿಯುತ್ತದೆ ಎಂದು ನಾಲ್ಕು ಸಿದ್ಧಾಂತಗಳಲ್ಲಿ ವಿವರಿಸಬಲ್ಲವರು, ಅದು ಹೇಗೆ ನಡೆಯುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಗಿರಾಕಿ ಬೆರಳು ಹಿಡಿದದ್ದನ್ನು ಅವರು ಪರಿಚಯದ ಕೈಕುಲುಕು ಎಂದುಕೊಂಡರು. ಸಜ್ಜನರಲ್ಲವೇ, ಇನ್ನೊಂದು ಕೈಯನ್ನೂ ಟಾವೆಲ್ಲಿನೊಳಗೆ ತೂರಿಸಿ, ಗಿರಾಕಿಯ ಹಸ್ತವನ್ನು ಎರಡೂ ಕೈಯಲ್ಲಿ ಪ್ರೀತಿಯಿಂದ ಅದುಮಿದರು.

“ಮುಗೀತ್ರಿ!” ಎಂದು ಹನಮಪ್ಪ ಟಾವೆಲ್ಲು ಜಗ್ಗಿದ. “ಸರ ಒಪ್ಪಿದ್ರು.”

“ಏನ ಒಪ್ಪಿದೆ?” ಎಂದರು ಮಾಮಾ.

ಒಂದೆತ್ತಿನ ಬೆಲೆಗೆ ಜೋಡಿ ಎತ್ತು ಒಪ್ಪಿದ್ದರು.

ಗಿರಾಕಿ ಆಗಲೇ ಹಗ್ಗ ಹಿಡಿದಿದ್ದ. ದೊಡ್ಡವ್ವ ಅಡ್ಡ ಬಂದು ಅದನ್ನು ಅವನ ಕೈಯಿಂದ ಬಿಡಿಸಿಕೊಂಡಳು.

“ಕೈ ಅದುಮಿದ ಮ್ಯಾಲ ಮಾತು ಮುಗೀತಬೇ” ಎಂದ ಹನಮಪ್ಪ.

“ಅವನ ಕೈ ಅವಂದು. ಎತ್ತು ನನ್ನವು.” ಹಾಗೆಂದವಳೇ, ತನಗೆಷ್ಟು ಬೇಕೆಂದು ಬಾಯಿಬಿಟ್ಟು, ಆ ತುದಿಯವರಿಗೂ ಕೇಳುವಂತೆ ಹೇಳಿಬಿಟ್ಟಳು.

ಅಕ್ಕಪಕ್ಕದ ಟಾವೆಲ್ಲುಗಳ ಕೆಳಗೆ ಕೈಗಳು ಹಾಗೇ ನಿಂತವು. “ಯವ್ವಾ, ರೇಟ್ ಬಾಯಿಲೇ ಹೇಳ್ತಾರೇನ? ಹಿಂಗಾದ್ರ ಸಂತಿ ಹ್ಯಾಂಗ ನಡೀಬೇಕು?” ಎಂದು ಹನಮಪ್ಪ ಗೋಗರೆದ. ಅವಳು ಇನ್ನೊಮ್ಮೆ ಹೇಳಿದಳು. ಯಾರೂ ಮುಂದೆ ಬರಲಿಲ್ಲ. ಮಧ್ಯಾಹ್ನದವರೆಗೂ ಎತ್ತಿನ ಸುತ್ತ ಜಾಗ ಖಾಲಿಯೇ ಇತ್ತು.

ರೋಣದ ಬಸ್ಸಿನಲ್ಲಿ ಮಾಮಾ ಕೂತಲ್ಲಿ ಕೂಡುತ್ತಿರಲಿಲ್ಲ. “ನೋಡಿದಿ? ಸಂಘರ್ಷ! ಕಣ್ಮುಂದ!” ಎಂದರು. ಅರ್ಧ ದಾರಿಗೆ ಅದು ಸಂಘರ್ಷವಲ್ಲ, ವಿಕಾಸದಲ್ಲೊಂದು ಜಿಗಿತ ಎಂದಾಯಿತು. ರೋಣ ಬರುವಷ್ಟರಲ್ಲಿ ಅವರ ಬಾಯಲ್ಲಿ ದೊಡ್ಡವ್ವ ಮೂರು ಸಿದ್ಧಾಂತಗಳಲ್ಲಿ ಕೂತೆದ್ದಿದ್ದಳು. ನಾನು ಹೂಂಗುಟ್ಟುತ್ತ ಕಿಟಕಿಯ ಸೀಟಿನಲ್ಲಿ ತಂಪಾಗಿದ್ದೆ. ಮರುವರ್ಷ ಒಂದು ವಿಚಾರ ಸಂಕಿರಣದಲ್ಲಿ ಮಾಮಾ ‘ಗ್ರಾಮೀಣ ವಿನಿಮಯದಲ್ಲಿ ಗೋಪ್ಯತೆಯ ವಿಘಟನೆ’ ಎಂಬ ಪ್ರಬಂಧ ಓದಿ ಶಾಲು ಹೊದಿಸಿಕೊಂಡು ಬಂದರು. ಅದರಲ್ಲಿ ದೊಡ್ಡವ್ವ ‘ಓರ್ವ ಗ್ರಾಮೀಣ ಮಹಿಳೆ’. ಎರಡು ಕೈಯ ಅದುಮುವಿಕೆ ‘ಕ್ಷೇತ್ರಕಾರ್ಯದಲ್ಲಿನ ಸಣ್ಣ ಅಡಚಣೆ’.

ಇನ್‌ಬಾಕ್ಸಿನ ಎತ್ತುಗಳನ್ನು ನಾನು ಈಗ ನಿವೃತ್ತರಾಗಿರುವ ಮಾಮಾಗೆ ತೋರಿಸಿದೆ. ಅವರಿಗೆ ಹಬ್ಬವಾಯಿತು. “ಟಾವೆಲ್ಲು ಹೊಳ್ಳಿ ಬಂತು! ಸಮಾಜ ಚಕ್ರಾನ ಅಂತ ನಾ ಅವತ್ತ ಹೇಳಿದ್ದಿಲ್ಲೇನು?” ಎನ್ನುತ್ತ ನನ್ನನ್ನು ಎಬ್ಬಿಸಿಕೊಂಡು ನೇರ ಚಿಕ್ಕನರಗುಂದಕ್ಕೆ ಹೊರಟರು, ಅಕ್ಕನಿಗೆ ಪುರಾವೆ ಒಪ್ಪಿಸಲು. ದೊಡ್ಡವ್ವ ಕಡಲೆ ಹಸನು ಮಾಡುತ್ತ ಎಲ್ಲ ಕೇಳಿದಳು.

“ಅದಿರ್ಲಿ ಅಕ್ಕಾ. ಅವತ್ತ ಸಂತ್ಯಾಗ ಅಷ್ಟ ಧೈರ್ಯ ನಿನಗ ಎಲ್ಲಿಂದ ಬಂತು?” ಎಂದು ಮಾಮಾ ಕೇಳಿದರು. ಹೊಸ ಪ್ರಬಂಧಕ್ಕೆ ಬೇಕಿತ್ತೋ ಏನೋ.

“ಎಲ್ಲಿ ಧೈರ್ಯೋ” ಎಂದಳು ದೊಡ್ಡವ್ವ. “ಎತ್ತು ಹೊಡ್ಕೊಂಡು ಊರ ತನಕ ಅಳಕೋತ ನಡದ್ನಿ. ಆ ವರ್ಷ ಆ ಮುದಿ ಎತ್ತಿಲೇನ ಬಿತ್ತಿದ್ನಿ. ನೀವು ಬಸ್ ಹತ್ತಿದ್ರಿ.”

ಸಿಟ್ಟಿನಿಂದ ಹೇಳಲಿಲ್ಲ. ಕೇಳಿದರೆಂದು ಹೇಳಿದಳು, ಮತ್ತೆ ಮೊರಕ್ಕೆ ಕೈ ಹಾಕಿದಳು. ನಾನು ಮೊಬೈಲು ಆರಿಸಿದೆ. ಮಾಮಾ ಎದ್ದು ಕೊಟ್ಟಿಗೆಗೆ ಹೋಗಿ ಎತ್ತಿನ ಮುಂದೆ ಮೇವು ಎಳೆದು ಹಾಕತೊಡಗಿದರು.

“ಈ ಜೋಡಿನೂ ಮಾರೂದೈತಿ” ಎಂದು ಒಳಗಿನಿಂದ ದೊಡ್ಡವ್ವ ಕೂಗಿ ಹೇಳಿದಳು. “ಬರೂದಿದ್ರ ಬಾ. ಆದ್ರ ಕೈ ಕಿಸೇದಾಗ ಇಟ್ಕೊಂಡ ಬಾ.”

ಸಂತೆಯ ದಿನ ಮಾಮಾ ಹಾಗೆಯೇ ನಿಂತರು, ಎರಡೂ ಕೈ ಕಿಸೆಯಲ್ಲಿ. ದೊಡ್ಡವ್ವ ತನ್ನ ಬೆಲೆಯನ್ನು ತಾನೇ ಹೇಳಿದಳು. ಇಬ್ಬರು ಗಿರಾಕಿಗಳು ಬಾಯಿಂದಲೇ ಚೌಕಾಶಿ ಮಾಡಿದರು, ಬೆಲೆ ಕೂಡಿಬರಲಿಲ್ಲ. ಸಂಜೆ ಎತ್ತು ಹೊಡೆದುಕೊಂಡು ಮೂವರೂ ಊರ ಕಡೆ ನಡೆದೇ ಹೊರಟೆವು. ಮಾಮಾಗೆ ಮೊಣಕಾಲು ನೋವು, ನನಗೆ ಚಪ್ಪಲಿ ಕಚ್ಚುತ್ತಿತ್ತು. ದಾರಿಯಲ್ಲಿ ಬಸ್ಸೊಂದು ನಮ್ಮ ಪಕ್ಕಕ್ಕೇ ಬಂದು ನಿಂತಿತು. “ಹತ್ರಿ ಸರ” ಎಂದು ಕಂಡಕ್ಟರು ಬಾಗಿಲು ತೆಗೆದ. ಮಾಮಾ ಒಂದು ಕೈ ಕಿಸೆಯಿಂದ ಹೊರಗೆ ತೆಗೆದು, ಮುಂದೆ ಹೋಗೆಂದು ಬೀಸಿದರು.