ಕೈಚೀಲದಲ್ಲೇ ಉಳಿದ ಬಟ್ಟೆ

ಎಪ್ಪತ್ತರ ದಶಕದ ಕೊನೆಗೆ ನಾನು ದೇವದುರ್ಗ ತಾಲೂಕಿನಲ್ಲಿ ಆರೋಗ್ಯ ಕಾರ್ಯಕರ್ತನಾಗಿದ್ದೆ. ಊರೂರು ಅಲೆದು, ಬಾವಿ ನೀರು ಸೋಸಿ ಕುಡಿಯಿರಿ ಎಂದು ಹೇಳುವುದೇ ಕೆಲಸ. ಮೆಟ್ಟಿಲು ಬಾವಿಗಳ ನೀರಿನಲ್ಲಿ ಕಣ್ಣಿಗೆ ಬೀಳದಂಥ ಹುಳ ಇರುತ್ತಿತ್ತು. ಅದು ಹೊಟ್ಟೆ ಸೇರಿದರೆ ಒಂದು ವರ್ಷಕ್ಕೆ ಕಾಲಿನಲ್ಲಿ ಹುಣ್ಣಾಗಿ, ನೂಲಿನಂಥ ಉದ್ದನೆಯ ಹುಳವಾಗಿ ಹೊರಬರುತ್ತಿತ್ತು; ಜನ ಅದನ್ನು ನಾರು ಎನ್ನುತ್ತಿದ್ದರು. ತಡೆಯಲು ಎರಡು ಮಡಿಕೆ ಬಟ್ಟೆ ಸಾಕು. ಬರೀ ಎರಡು ಮಡಿಕೆ! ಆದರೂ ಸೋಸುವವರಿಲ್ಲ.

ಇದಕ್ಕೆ ಕಾರಣವನ್ನು ರಾಯಚೂರಿನ ತರಬೇತಿಯಲ್ಲಿ ಮಾಸ್ತರರು ಹೇಳಿಕೊಟ್ಟಿದ್ದರು. ಮನುಷ್ಯ ಒಳ್ಳೆಯ ರೂಢಿ ಹಿಡಿಯಬೇಕಾದರೆ ರೋಗ ತನಗೂ ಬಂದೀತೆಂಬ ಭಯ ಬೇಕು, ಮಾಡಿದರೆ ಉಪಯೋಗವಿದೆ ಎಂಬ ನಂಬಿಕೆ ಬೇಕು, ಮಾಡಲು ಅಡ್ಡಿ ಇರಬಾರದು. ನಾನು ಬಾಯಿಪಾಠ ಮಾಡಿಕೊಂಡೆ. ಹಳ್ಳಿಗೆ ಬಂದ ಮೇಲೆ ಸಿಟ್ಟು ನೆತ್ತಿಗೇರುತ್ತಿತ್ತು. ಪಕ್ಕದ ಮನೆಯವನು ಕಣ್ಣೆದುರೇ ಕುಂಟುತ್ತಿದ್ದಾನೆ, ಹಳೇ ಬಟ್ಟೆ ಮನೆಯಲ್ಲೇ ಇದೆ, ಮತ್ತೇನು ಧಾಡಿ ಇವರಿಗೆ?

ಅರಕೇರಾ ದಾಟಿದ ಒಂದು ಊರಿನಲ್ಲಿ, ಶಿವಭಕ್ತ ರೈತರ ದೊಡ್ಡ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ಲಿಂಗಪೂಜೆಯ ನೀರನ್ನು ಬಿಳಿ ಬಟ್ಟೆಯಲ್ಲಿ ತಪ್ಪದೆ ಸೋಸುವಳು. ಕುಡಿಯುವ ನೀರು ಮಾತ್ರ ಬಾವಿಯಿಂದ ಬಂದದ್ದು ಬಂದ ಹಾಗೇ.

"ಯವ್ವಾ, ಅದೇ ಅರಿವ್ಯಾಗ ಕುಡಿಯೋ ನೀರೂ ಸೋಸ್ರಿ" ಎಂದೆ.

"ಅಯ್ಯ, ಅದು ದೇವ್ರ ಅರಿವಿ. ನಮ್ಮ ಹೊಟ್ಟಿಗ್ಯಾಕ ಬೇಕು?" ಎಂದು ನಕ್ಕುಬಿಟ್ಟಳು.

ನಾನು ಮಾನ್ವಿ ಕಡೆಯ ಕೂಲಿಕಾರರ ಕೇರಿಯಲ್ಲಿ ಹುಟ್ಟಿದವನು. ಅಂಥ ಮನೆಗಳಲ್ಲಿ ನಮಗೆ ನೀರನ್ನು ಎತ್ತರದಿಂದ ಬೊಗಸೆಗೆ ಹೊಯ್ಯುತ್ತಿದ್ದರು. ಅಪ್ಪ ಸಾಯುವವರೆಗೂ ಹಾಗೇ ಕುಡಿದ. ಒಂದು ಮಧ್ಯಾಹ್ನ ಬಿಸಿಲಲ್ಲಿ ನಡೆದು ಬಂದು, ಆ ಮನೆಯ ಕಟ್ಟೆಯ ಕೆಳಗೆ ನಿಂತು ನಾನೂ ಬೊಗಸೆ ಒಡ್ಡಿದೆ. ಮುದುಕಿ ಹಿತ್ತಾಳೆಯ ಚರಗಿಯನ್ನೇ ನನ್ನ ಕೈಗೆ ಕೊಟ್ಟಳು.

"ಕುಂತು ಕುಡಿ ಯಪ್ಪಾ. ಎಷ್ಟ್ ದೂರದಿಂದ ಬಂದೀಯೋ ಏನೋ."

ಸೋಸುವ ಬಟ್ಟೆ ನನ್ನ ಕೈಚೀಲದಲ್ಲೇ ಇತ್ತು. ಭಯವಿತ್ತು, ನಂಬಿಕೆಯೂ ಇತ್ತು. ಆದರೆ ಆ ಚರಗಿಯ ಬಾಯಿಗೆ ಬಟ್ಟೆ ಹಿಡಿಯುವುದು ಹೇಗೆ? ನಮ್ಮ ನೀರಿಗೆ ಹೇಸಿದ ಎಂದುಕೊಂಡರೆ? ಗಟಗಟನೆ ಕುಡಿದೆ. ಜೀವಮಾನದಲ್ಲಿ ಅಷ್ಟು ಖುಷಿಯಿಂದ ನೀರು ಕುಡಿದಿರಲಿಲ್ಲ.

ಮರುವರ್ಷ ನನ್ನ ಪಾದದಲ್ಲಿ ಗುಳ್ಳೆ ಎದ್ದು ಒಡೆಯಿತು, ನಾರು ತಲೆ ಹೊರಗೆ ಹಾಕಿತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯುತ್ತ, ಮೇಲೆ ಪಟ್ಟಿ ಕಟ್ಟಿ, ಪ್ಯಾಂಟಿನ ಅಂಚಿನಲ್ಲಿ ಮುಚ್ಚಿಕೊಂಡು ತಿರುಗಿದೆ. ಉಪದೇಶ ಮಾಡುವವನಿಗೇ ಬಂದಿದೆಯಂತೆ ಎಂದು ಸುದ್ದಿಯಾದರೆ ಮುಗಿಯಿತು, ನನ್ನ ಮಾತನ್ನು ಯಾರೂ ಮೂಸುವುದಿಲ್ಲ.

ಮುದುಕಿಯ ಕಣ್ಣು ತಪ್ಪಿಸಲಾಗಲಿಲ್ಲ. "ಕುಂಟಾಕತ್ತೀಯಲ್ಲೋ. ನಾರಾ?"

ತಲೆಯಾಡಿಸಿದೆ.

"ಊರಿಗೆಲ್ಲ ಬುದ್ಧಿ ಹೇಳಾಂವ ನೀನು. ಸೋಸದ ನೀರು ಎಲ್ಲಿ ಕುಡಿದ್ಯೋ ಹುಚ್ಚಪ್ಪಾ?"

ನಿಜ ಹೇಳಿದರೆ ಆ ಚರಗಿ ಮತ್ತೆ ಕೈಗೆ ಸಿಗಲಾರದು ಎಂದು ಹೆದರಿದೆ. ಎಲ್ಲೋ ಕುಡಿದೆ ಎಂದು ಸುಳ್ಳು ಹೇಳಲು ನೋಡಿದೆ, ನಾಲಿಗೆ ಹೊರಳಲಿಲ್ಲ.

"ಇಲ್ಲೇ, ಯವ್ವಾ. ನೀವು ಚರಗಿ ಕೈಗೆ ಕೊಟ್ರಿ. ಸೋಸ್ತೀನಿ ಅನ್ನಾಕ ಬಾಯಿ ಬರ್ಲಿಲ್ಲ."

ಆಕೆ ಎದ್ದು ಒಳಗೆ ಹೋದಳು. ಹಾಳಾಯಿತು, ನನ್ನ ಬಾಯಿಗಿಷ್ಟು ಮಣ್ಣು ಹಾಕ ಎಂದು ಬೈದುಕೊಂಡು ನಾನು ಕೈಚೀಲ ಹೆಗಲಿಗೇರಿಸಿದೆ. ಅಷ್ಟರಲ್ಲಿ ಕೊಡ, ಚರಗಿ ಎರಡನ್ನೂ ಹಿಡಿದು ಹೊರಬಂದಳು. ಹೆಗಲ ಮೇಲೆ ದೇವರ ಜಗಲಿಯ ಬಿಳಿ ಬಟ್ಟೆ ಇತ್ತು. ಅದನ್ನು ಎರಡು ಮಡಿಕೆ ಮಾಡಿ, ಚರಗಿಯ ಬಾಯಿಗೆ ಕಟ್ಟಿ, ನಿಧಾನಕ್ಕೆ ನೀರು ಹೊಯ್ದಳು.

"ಯವ್ವಾ, ಅದು ದೇವ್ರ ಅರಿವಿ" ಎಂದೆ.

"ಗೊತ್ತೈತಿ ಸುಮ್ನಿರು" ಎಂದು ಗದರಿ, ಬಟ್ಟೆ ಬಿಚ್ಚಿ, ಚರಗಿಯನ್ನು ನನ್ನ ಕೈಗೇ ಕೊಟ್ಟಳು.