ಉಗ್ರಪ್ಪನ ತೋರುಬೆರಳು

ಬಾಪೂಜಿ ನಗರದ ಹಿಂದಿನ ಗಲ್ಲಿಯಲ್ಲಿ ಸಾಹುಕಾರ್ ನಂಜುಂಡಪ್ಪನವರ ಮಗ್ಗದ ಷೆಡ್ಡು ಇತ್ತು. ತಗಡಿನ ಸೂರು, ನಾಲ್ಕು ಸಾಲಿನಲ್ಲಿ ಮೂವತ್ತೆರಡು ಪವರ್‌ಲೂಮು. ಒಳಗೆ ಕಾಲಿಟ್ಟರೆ ನಿಮ್ಮ ಮಾತು ನಿಮಗೇ ಕೇಳಿಸುತ್ತಿರಲಿಲ್ಲ. ಹಾಗಾಗಿ ಅಲ್ಲಿ ಎಲ್ಲರೂ ಕೈಯಲ್ಲೇ ಮಾತಾಡುತ್ತಿದ್ದರು. ಎರಡು ಬೆರಳು ತುಟಿಗಿಟ್ಟರೆ ಬೀಡಿಗೆ ಹೋಗ್ತೀನಿ ಅಂತ. ಅಂಗೈ ತಲೆ ಮೇಲಿಟ್ಟರೆ ಸಾಹುಕಾರ್ರು ಬಂದ್ರು ಅಂತ. ಮುಷ್ಟಿ ಎತ್ತಿದರೆ ನಿಲ್ಲಿಸು. ತೋರುಬೆರಳನ್ನು ಮೇಲೆತ್ತಿ ಗಿರ್ರನೆ ತಿರುಗಿಸಿದರೆ ಮೋಟರ್ ಹಾಕು.

ಮುನಿತಾಯಮ್ಮ ಅಲ್ಲಿ ಹನ್ನೊಂದು ವರ್ಷದಿಂದ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಅವಳ ಗಂಡ ಬೆಟ್ಟಯ್ಯ ಅದೇ ಷೆಡ್ಡಿನ ಫಿಟ್ಟರು. ಇಬ್ಬರ ಮೇಲೂ ಮೇಸ್ತ್ರಿ ಉಗ್ರಪ್ಪ. ಅವನು ಮಾತಿಗಿಂತ ಬೆರಳಿಗೆ ಹೆಸರಾದವನು. ಊರ ಗೌಡ ಎತ್ತು ಹೊಡೆದಂಗೆ ಬೆರಳಾಡಿಸ್ತಾನೆ ಅಂತ ಹೆಂಗಸರು ಆಡಿಕೊಳ್ಳುತ್ತಿದ್ದರು.

ಎಂಬತ್ಮೂರರ ಆಷಾಢದ ಒಂದು ಶುಕ್ರವಾರ ಮೂರನೇ ಸಾಲು ನಿಂತಿತ್ತು. ಬೆಟ್ಟಯ್ಯನನ್ನು ಕೊನೇ ಮಗ್ಗದ ಹಿಂದಕ್ಕೆ ಕಳಿಸಿದವನು ಉಗ್ರಪ್ಪನೇ. ಬೆಟ್ಟಯ್ಯ ಕುಕ್ಕರಗಾಲಲ್ಲಿ ಕೂತು ಹಲ್ಲುಚಕ್ರಕ್ಕೆ ಸಿಕ್ಕಿಕೊಂಡ ದಾರ ಬಿಡಿಸುತ್ತಿದ್ದ. ಗೋಡೆ ಪಕ್ಕದ ಸ್ವಿಚ್ಚಿನ ಹತ್ತಿರ ಕಂಡಿಕೆ ಬುಟ್ಟಿ ಇಳಿಸುತ್ತಿದ್ದ ಮುನಿತಾಯಮ್ಮನಿಗೆ ಗಂಡ ಕಾಣುತ್ತಿರಲಿಲ್ಲ. ಉಗ್ರಪ್ಪ ಸಾಲಿನ ತುದಿಯಲ್ಲಿ ನಿಂತಿದ್ದ. ಅವಳ ಮುಖ ನೋಡಿದ. ಬೆರಳೆತ್ತಿ ತಿರುಗಿಸಿದ. ಅವಳು ಸ್ವಿಚ್ ಒತ್ತಿದಳು.

ಕೂಗು ಕೂಡ ಅವಳಿಗೆ ಕೇಳಿಸಲಿಲ್ಲ. ಓಡುತ್ತಿದ್ದವರ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು. ಬೆಟ್ಟಯ್ಯನ ಬಲಗೈ ಮಣಿಕಟ್ಟಿನಿಂದ ಕೆಳಗೆ ಹೋಗಿತ್ತು.

ವಾರ ಕಳೆದ ಮೇಲೆ ಸಾಹುಕಾರರ ಕೋಣೆಯಲ್ಲಿ ವಿಚಾರಣೆ ನಡೆಯಿತು. ಗುಮಾಸ್ತ ನಾರಾಯಣಪ್ಪ ಬರೆದುಕೊಳ್ಳಲು ಕೂತಿದ್ದ.

"ಮೋಟರ್ ಹಾಕು ಅಂತ ನೀನು ಹೇಳಿದ್ಯೇನೋ?" ಅಂತ ಸಾಹುಕಾರರು ಉಗ್ರಪ್ಪನನ್ನು ಕೇಳಿದರು.

"ದೇವರಾಣೆಗೂ ನನ್ ಬಾಯಿಂದ ಒಂದು ಮಾತೂ ಹೊರಟಿಲ್ಲ, ಸಾಹುಕಾರ್ರೆ."

"ಬೆರಳು ತಿರುಗಿಸಿದ್ರು ಸಾರ್," ಅಂದಳು ಮುನಿತಾಯಮ್ಮ.

"ಬಾಯಲ್ಲಿ ಹೇಳಿದ್ನಾ ಇಲ್ವಾ, ಅಷ್ಟು ಹೇಳಮ್ಮ."

ಅವಳು ಇಲ್ಲ ಅಂತ ತಲೆಯಾಡಿಸಿದಳು. ಮೇಸ್ತ್ರಿಯ ಮಾತಿಲ್ಲದೆ ಕೆಲಸದವಳು ತಾನಾಗಿಯೇ ಮೋಟರ್ ಹಾಕಿದಳು ಅಂತ ನಾರಾಯಣಪ್ಪ ಬರೆದು, ಅವಳ ಹೆಬ್ಬೆಟ್ಟು ಒತ್ತಿಸಿಕೊಂಡ. ಹೊರಗೆ ಬರುವಾಗ ಉಗ್ರಪ್ಪ ಅವಳಿಗೆ ದಾರಿ ಬಿಟ್ಟು ನಿಂತ. ಮುಖದಲ್ಲಿ ಮರುಕ ತಂದುಕೊಂಡಿದ್ದ. ಆದರೆ ಒಳಗಿನ ನೆಮ್ಮದಿಗೆ ಅವನ ಭುಜ ಎರಡೂ ಸಡಿಲ ಬಿದ್ದಿದ್ದನ್ನು ಅವಳು ನೋಡಿದಳು.

ಆಸ್ಪತ್ರೆಯಿಂದ ಬಂದ ಬೆಟ್ಟಯ್ಯ, "ನಿನ್ ತಪ್ಪೇನಿಲ್ಲ ಕಣೇ," ಅಂದ. ಬಂದವರ ಮುಂದೆಯೂ ಅದನ್ನೇ ಅಂದ. ಆದರೆ ತಾಯಿ ಚಿಕ್ಕಗಂಗಮ್ಮ ತುತ್ತಿಟ್ಟರೆ ಬಾಯಿ ತೆರೆಯುತ್ತಿದ್ದವನು, ಹೆಂಡತಿ ತಟ್ಟೆ ಹಿಡಿದು ಬಂದರೆ ಹಸಿವಿಲ್ಲ ಅನ್ನುತ್ತಿದ್ದ. ಗಾಯಕ್ಕೆ ಮುಲಾಮು ಹಚ್ಚಲು ಬಂದರೆ ಕೈಯನ್ನು ಟವೆಲಿನೊಳಗೆ ಎಳೆದುಕೊಳ್ಳುತ್ತಿದ್ದ. ಒಮ್ಮೆ ಅವಳು ಹಿಂದಿನಿಂದ ಬಂದು ದೀಪದ ಸ್ವಿಚ್ ಹಾಕಿದಳು. ಟಕ್ ಅಂದದ್ದೇ ತಡ, ಅವನ ಮೈಯೆಲ್ಲ ಬೆಚ್ಚಿಬಿದ್ದು ಗೋಡೆಗೆ ಒತ್ತಿಕೊಂಡಿತು. ಆಮೇಲೆ ಅವನು ನಗಲು ನೋಡಿದ. ನಗು ಬರಲಿಲ್ಲ.

ಮುನಿತಾಯಮ್ಮ ಬಚ್ಚಲಿಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಒಂದೇ ಯೋಚನೆ ಉಳಿಯಿತು. ಆ ಬೆರಳು ಆಡಿದ ಮಾತನ್ನು ಆ ಬೆರಳಿನಿಂದಲೇ ಹೇಳಿಸಬೇಕು. ಎಲ್ಲರ ಎದುರಿಗೆ ಹೇಳಿಸಬೇಕು.

ಪಕ್ಕದ ಮನೆಯ ಜಂಬಣ್ಣ ಮೇಷ್ಟರಿಂದ ಫ್ಯಾಕ್ಟರಿ ಇನ್ಸ್‌ಪೆಕ್ಟರಿಗೆ ಅರ್ಜಿ ಬರೆಸಿ ಹಾಕಿದಳು. ಮತ್ತೆ ಷೆಡ್ಡಿಗೆ ಹೋಗಿ ತನ್ನ ಜಾಗದಲ್ಲಿ ಕೂತಳು. ಮೊದಲ ಒಂದು ತಿಂಗಳು ಉಗ್ರಪ್ಪ ಬಲು ಹುಷಾರಾಗಿದ್ದ. ಕೈ ಪ್ಯಾಂಟಿನ ಜೇಬಲ್ಲಿಟ್ಟುಕೊಂಡು ಒಬ್ಬೊಬ್ಬರ ಹತ್ತಿರವೂ ಹೋಗಿ ಕಿವಿಯಲ್ಲಿ ಕಿರುಚುತ್ತಿದ್ದ. ಸಂಜೆ ಹೊತ್ತಿಗೆ ಗಂಟಲು ಕಟ್ಟುತ್ತಿತ್ತು. ಎರಡನೇ ತಿಂಗಳಿಗೆ ಕೈ ಜೇಬಿನಿಂದ ಹೊರಗೆ ಬಂತು. ಮೂರನೇ ತಿಂಗಳಿಗೆ ಬೆರಳು ಮತ್ತೆ ಗಾಳಿಯಲ್ಲಿ ತಿರುಗತೊಡಗಿತು. ಮುನಿತಾಯಮ್ಮ ದಿನಾ ನೋಡುತ್ತಿದ್ದಳು. ಸಾಹುಕಾರರು ಎದುರಿಗಿದ್ದಾಗ, ಅದರಲ್ಲೂ ಕೆಲಸ ತಡವಾದಾಗ, ಆ ಬೆರಳು ಅವನು ಯೋಚಿಸುವ ಮೊದಲೇ ಏಳುತ್ತದೆ ಅನ್ನುವುದನ್ನು ಅವಳು ಗುರುತು ಹಾಕಿಕೊಂಡಳು.

ಇನ್ಸ್‌ಪೆಕ್ಟರು ಬಂದದ್ದು ಎಂಟು ತಿಂಗಳ ಮೇಲೆ. ತೆಳ್ಳಗಿನ ಮನುಷ್ಯ, ಕಂಕುಳಲ್ಲಿ ಫೈಲು. ಹೊರಗೆ ನಿಂತು ಎಲ್ಲರನ್ನೂ ಕೇಳಿದರು. ಉಗ್ರಪ್ಪ ಹಳೆಯದನ್ನೇ ಹೇಳಿದ. "ನಾನು ಅಪ್ಪಣೆ ಕೊಡೋದಿದ್ರೆ ಬಾಯಲ್ಲೇ ಸಾರ್. ಈ ಬೆರಳು ಗಿರಳು ಎಲ್ಲ ಈಯಮ್ಮ ಕಟ್ಟಿದ ಕಥೆ." ಆಮೇಲೆ ಇನ್ಸ್‌ಪೆಕ್ಟರು ಮೂರನೇ ಸಾಲು ಓಡುವುದನ್ನು ನೋಡಬೇಕು ಅಂದರು. ಒಳಗೆ ಉಳಿದ ಮೂರು ಸಾಲೂ ಬಡಿಯುತ್ತಿದ್ದವು.

ಯಾರೂ ಹೇಳದೆ ಮುನಿತಾಯಮ್ಮ ಹೋಗಿ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಳು. ಒತ್ತಲಿಲ್ಲ. ಸುಮ್ಮನೆ ಉಗ್ರಪ್ಪನ ಮುಖ ನೋಡಿದಳು.

ಸಾಹುಕಾರರು ವಾಚು ನೋಡಿಕೊಂಡರು. ಇನ್ಸ್‌ಪೆಕ್ಟರು ಕನ್ನಡಕ ಸರಿಮಾಡಿಕೊಂಡು ಕಾದರು. ಅವಳು ಕದಲಲಿಲ್ಲ. ಸಾಹುಕಾರರು ಉಗ್ರಪ್ಪನ ಕಡೆ ಹುಬ್ಬು ಗಂಟಿಕ್ಕಿದರು. ಅಷ್ಟೇ ಸಾಕಾಯಿತು. ಅವನ ಬಲಗೈ ಮೇಲೆದ್ದಿತು, ಬೆರಳು ಗಿರ್ರನೆ ತಿರುಗಿತು.

ಅವಳು ಸ್ವಿಚ್ ಒತ್ತಿದಳು. ಸಾಲು ಓಡಿತು. ಮತ್ತೆ ಒತ್ತಿ ನಿಲ್ಲಿಸಿದಳು.

ಉಗ್ರಪ್ಪ ತನ್ನ ಬೆರಳನ್ನು ತಾನೇ ನೋಡಿಕೊಂಡ. ಅದು ಇನ್ನೂ ಮೇಲೇ ಇತ್ತು. ಮುಖ ಸುಣ್ಣದ ಗೋಡೆಯಾಯಿತು. ಇನ್ಸ್‌ಪೆಕ್ಟರು ಅವನನ್ನೊಮ್ಮೆ ಅವಳನ್ನೊಮ್ಮೆ ನೋಡಿ, ಅಲ್ಲೇ ಮಗ್ಗದ ಮೇಲೆ ಫೈಲಿಟ್ಟುಕೊಂಡು ಬರೆಯತೊಡಗಿದರು.

ಮಧ್ಯಾಹ್ನ ಮನೆಗೆ ಬಂದು ನಡೆದದ್ದನ್ನು ಹೇಳಿದಳು. ಬೆಟ್ಟಯ್ಯ ಗೋಡೆ ಬಿಟ್ಟು ಮುಂದಕ್ಕೆ ಸರಿದು ಕೂತು, ಅವಳು ಮುರಿದ ಮುದ್ದೆಯ ತುತ್ತಿಗೆ ಬಾಯಿ ತೆರೆದ.

ಅಲ್ಲಿಗೆ ಬಿಡಬಹುದಿತ್ತು. ಚಿಕ್ಕಗಂಗಮ್ಮನೂ ಅದನ್ನೇ ಅಂದಳು. ಸಾಹುಕಾರರು ತಮ್ಮ ತಲೆ ಉಳಿಸಿಕೊಳ್ಳಲು ಉಗ್ರಪ್ಪನ ಮೇಸ್ತ್ರಿಕೆ ಕಿತ್ತುಕೊಂಡು ಅವನನ್ನು ಗೋಡೌನಿಗೆ ಹಾಕಿದ್ದರು. ಆದರೆ ಮುನಿತಾಯಮ್ಮನ ಹೊಟ್ಟೆ ತಣಿಯಲಿಲ್ಲ. ಅವನು ಬಟ್ಟೆಯ ಬೇಲು ಹೊತ್ತು ಹೋಗುವಾಗ ಕೂತಲ್ಲಿಂದಲೇ ತೋರುಬೆರಳು ಎತ್ತಿ ತಿರುಗಿಸಿದಳು. ಮಾರನೇ ದಿನ ಅವಳ ಪಕ್ಕದವಳೂ ತಿರುಗಿಸಿದಳು. ತಿಂಗಳೊಳಗೆ ಇಡೀ ಷೆಡ್ಡು. ಯಾರೂ ಬೈಯುತ್ತಿರಲಿಲ್ಲ, ನಗುತ್ತಿರಲಿಲ್ಲ. ಅವನು ಬಂದರೆ ಬೆರಳುಗಳು ಏಳುತ್ತಿದ್ದವು, ಹೋದರೆ ಇಳಿಯುತ್ತಿದ್ದವು. ಯಾರ ಮೇಲೆ ದೂರು ಕೊಡುವುದು, ಏನು ಅಂದರು ಅಂತ ಕೊಡುವುದು? ಹೋಟೆಲಿನವರು, ಬಸ್ ಸ್ಟಾಪಿನಲ್ಲಿ ನಿಂತವರು ಕೂಡ ಕಲಿತುಬಿಟ್ಟರು. ಉಗ್ರಪ್ಪ ಮತ್ತೆ ಕೈಗಳನ್ನು ಜೇಬಿನಲ್ಲಿಟ್ಟ.

ಒಂದು ಭಾನುವಾರ ಬೆಳಗ್ಗೆ ಅವನು ಮನೆಗೇ ಬಂದ. ಬಾಗಿಲ ಒಳಗೆ ನಿಂತು ಕೈ ಮುಗಿದ.

"ತಪ್ಪಾಯ್ತು ತಾಯಿ. ಇನ್ನಾದ್ರೂ ನಿಲ್ಸಿ. ನಾನೂ ಮಕ್ಕಳೊಂದಿಗ."

ಮಾತು ಚೆನ್ನಾಗಿತ್ತು. ದನಿಯೂ ನಡುಗುತ್ತಿತ್ತು. ಆದರೆ ಅವನು ಚಪ್ಪಲಿ ಬಿಟ್ಟಿರಲಿಲ್ಲ, ಒಂದು ಹೆಜ್ಜೆ ಆಗಲೇ ಬೀದಿಯ ಕಡೆ ತಿರುಗಿತ್ತು. ಬೆಟ್ಟಯ್ಯ ಕೂತಿದ್ದ ಮೂಲೆಯ ಕಡೆ ಒಮ್ಮೆಯೂ ಕಣ್ಣು ಹಾಯಿಸಿರಲಿಲ್ಲ. ಅಷ್ಟರಲ್ಲಿ ಬೆಟ್ಟಯ್ಯನೇ ಎದ್ದು ಬಂದ. ಮನೆಯವರಿಗೂ ತೋರಿಸದಿದ್ದ ಮೊಂಡುಗೈಯ ಟವೆಲನ್ನು ಎಡಗೈಯಿಂದ ಬಿಚ್ಚಿ, ಅದನ್ನು ಉಗ್ರಪ್ಪನ ಮುಖದ ಮುಂದೆ ಹಿಡಿದು ನಿಂತ. ಉಗ್ರಪ್ಪನ ಮುಗಿದ ಕೈಗಳು ಮೆಲ್ಲಗೆ ಬೇರೆಯಾದವು. ಅವನು ತಲೆ ತಗ್ಗಿಸಿ ಹೊರಟುಹೋದ. ಆ ತಿಂಗಳಲ್ಲೇ ಸಂಸಾರ ಕಟ್ಟಿಕೊಂಡು ಕೆಂಗೇರಿ ಉಪನಗರದ ಕಡೆ ಹೋದ ಅಂತ ಸುದ್ದಿ ಬಂತು.

ಮೂರು ವರ್ಷದ ಮೇಲೆ ಮುನಿತಾಯಮ್ಮ ವಿಜಯನಗರದ ಮಾರ್ಕೆಟ್ಟಿನಲ್ಲಿ ಅವರೆಕಾಯಿ ಆರಿಸುತ್ತಿದ್ದಾಗ ಉಗ್ರಪ್ಪನ ಹೆಂಡತಿ ಅಂಬುಜಾ ಸಿಕ್ಕಿದಳು. ಬಡವಾಗಿದ್ದಳು.

"ಅಲ್ಲೂ ಯಾರೋ ಬಾಪೂಜಿ ನಗರದೋರು ಸಿಕ್ಕಿ ಬೆರಳು ತಿರುಗಿಸಿ ತೋರಿಸಿಬಿಟ್ರಂತೆ," ಅಂದಳು ಅಂಬುಜಾ. "ಈಗ ಮನೇಲೇ ಕೂತಿರ್ತಾರೆ. ಊಟಕ್ಕೆ ಬಿಟ್ರೆ ಕೈ ಹೊರಗೆ ತೆಗೆಯೋದಿಲ್ಲ. ನಿಮಗೆ ಈಗ ಸಮಾಧಾನ ಆಯ್ತಾ?"

ಮುನಿತಾಯಮ್ಮ ಅವಳ ಬರಿಗೈ ನೋಡಿದಳು, ಹರಿದ ಚೀಲ ನೋಡಿದಳು. ಒಂದು ಕ್ಷಣ ಕರುಳು ಚುರ್ ಅಂದದ್ದೂ ನಿಜ.

"ಇಲ್ಲ," ಅಂದಳು.

ಅವರೆಕಾಯಿ ತೂಗಿಸಿಕೊಂಡು, ಬೆಟ್ಟಯ್ಯನಿಗೆ ಇಷ್ಟ ಅಂತ ಒಂದು ಕಟ್ಟು ಸಬ್ಬಸಿಗೆ ಸೊಪ್ಪನ್ನೂ ಹಾಕಿಸಿಕೊಂಡು ಮನೆಯ ಕಡೆ ನಡೆದಳು.